ನೈಟ್ ಹಾಲ್ಟ್

ಡ್ರೈವರ್ ನಿವೃತ್ತನಾದ ಮೇಲೆ ಅವನ ಹೆಂಡತಿ ಕೇಳಿದ್ದು ಒಂದೇ ಒಂದು. ಸಮುದ್ರ ತೋರಿಸು ಅನ್ನಲಿಲ್ಲ, ಸರ ಮಾಡಿಸು ಅನ್ನಲಿಲ್ಲ.

"ನೀವು ರಾತ್ರಿ ಮಲಗ್ತಿದ್ರಲ್ಲ, ಬೆಟ್ಟದ ಮೇಲೆ, ಆ ರೂಮು ನೋಡ್ಬೇಕು."

"ಅದರಲ್ಲೇನಿದೆ ಮಣ್ಣು? ಒಂದು ಮಂಚ, ಒಂದು ಮೊಳೆ."

"ಆ ಮೊಳೆನೇ ನೋಡ್ತೀನಿ."

ನಗುತ್ತಲೇ ಹೇಳಿದ್ದಳು. ಆದರೆ ಆ ನಗುವಿನ ತಳದಲ್ಲಿ ಏನೋ ಹತ್ತಿಕೊಂಡು ಕೂತಿದೆ ಎನ್ನುವುದು ಅವನಿಗೂ ಗೊತ್ತಿತ್ತು. ಮಗಳು ಹುಟ್ಟಿದಾಗ ಅವನು ಬೆಟ್ಟದ ಮೇಲಿದ್ದ. ಮಗುವಿಗೆ ಜ್ವರ ನೆತ್ತಿಗೇರಿದಾಗ ಬೆಟ್ಟದ ಮೇಲಿದ್ದ. ಗಾಳಿಗೆ ಮಾಡಿನ ತಗಡು ಹಾರಿ ಪಕ್ಕದ ಮನೆಯವರ ಅಂಗಳಕ್ಕೆ ಬಿದ್ದಾಗಲೂ. ಪ್ರತಿ ಸಲ ಅವನ ಉತ್ತರ ಒಂದೇ: "ಕೊನೆ ಬಸ್ಸು ಅಲ್ಲೇ ನಿಲ್ಲುತ್ತೆ ಕಣೇ. ಮಧ್ಯೆ ಎರಡೂವರೆ ಗಂಟೆ ದಾರಿ. ಹಾರಿಕೊಂಡು ಬರ್ಲಾ?" ಅವಳು ನಂಬಿದ್ದಳು, ಮುಕ್ಕಾಲು ಪಾಲು. ಉಳಿದ ಕಾಲು ಪಾಲಿಗಾಗಿ ಈ ಪ್ರಯಾಣ.

ಬೆಳಿಗ್ಗೆ ಬಸ್ಸು ಹತ್ತಿದರು. ಅವನು ಡ್ರೈವರ್ ಸೀಟಿನ ಹಿಂದೆಯೇ ಕೂತ. ಪೇಟೆ ದಾಟಿ ಏರು ಶುರುವಾದದ್ದೇ ತಡ, ಅವನ ಬಲಗಾಲು ನೆಲದ ಮೇಲೆ ತಾನಾಗಿ ಬ್ರೇಕ್ ಒತ್ತತೊಡಗಿತು.

"ನೆಲ ತೂತು ಮಾಡ್ಬಿಟ್ಟೀರಿ," ಅಂದಳು ಹೆಂಡತಿ.

"ಹುಡುಗ ಗೇರು ತಡವಾಗಿ ಹಾಕ್ತಾನೆ."

"ನಿಮ್ಮನ್ನ ಯಾರೂ ಕೇಳಲಿಲ್ಲ."

ಊರುಗಳು ಒಂದೊಂದಾಗಿ ಬಂದವು. ಅವನಿಗೆ ಅವು ಊರುಗಳಾಗಿರಲಿಲ್ಲ, ಗೇರುಗಳಾಗಿದ್ದವು. ಕಲ್ಲು ಕಟ್ಟೆಯ ಊರು ಮೂರನೇ ಗೇರು. ಮರದ ಸೇತುವೆಯ ಊರು ಎರಡನೆಯದು. ಅಲ್ಲಿ ಒಬ್ಬ ಅಜ್ಜಿ ಬುಟ್ಟಿಯನ್ನು ಮೊದಲು ಹತ್ತಿಸಿ, ಅದಕ್ಕೆ ಸೀಟು ಸಿಕ್ಕಿದ್ದನ್ನು ಖಾತ್ರಿ ಮಾಡಿಕೊಂಡು ಆಮೇಲೆ ತಾನು ಹತ್ತುತ್ತಿದ್ದಳು. ಗಿರಣಿಯ ಊರಿನಲ್ಲಿ ಪ್ರತಿದಿನ ಬಸ್ಸು ಹೊರಟ ಮೇಲೇ ಓಡಿ ಬರುತ್ತಿದ್ದ ಮೇಷ್ಟ್ರು. ಅವರಿಗಾಗಿ ಇವನು ಮೊದಲೇ ಸುಳ್ಳು ಹೊರಡುವಿಕೆ ಒಂದನ್ನು ಇಟ್ಟುಕೊಂಡಿದ್ದ, ನಾಲ್ಕು ಮಾರು ಹೋಗಿ ನಿಲ್ಲಿಸುವುದು. ಹೆಂಡತಿಗೆ ಇದನ್ನೆಲ್ಲ ಹೇಳುತ್ತಾ ಅವನು ಕಿಟಕಿಯಾಚೆ ಅವರನ್ನು ಹುಡುಕಿದ. ಈಗ ಅಲ್ಲಿ ಅಜ್ಜಿಯೂ ಇರಲಿಲ್ಲ, ಮೇಷ್ಟ್ರೂ ಇರಲಿಲ್ಲ. ಗಿರಣಿಯ ಗೋಡೆಯ ಮೇಲೆ ಮೊಬೈಲ್ ಕಂಪನಿಯ ಬಣ್ಣ ಬಳಿದಿದ್ದರು.

"ಇಷ್ಟು ಜನ ಇದ್ರು ನಿಮಗೆ," ಅಂದಳು ಅವಳು, ಕಿಟಕಿಯ ಹೊರಗೆ ನೋಡುತ್ತಾ. ಹೊಗಳಿಕೆಯೋ ದೂರೋ ಅವನಿಗೆ ತಿಳಿಯಲಿಲ್ಲ.

ಕೊನೆಯ ಊರು ಬೆಟ್ಟದ ನೆತ್ತಿಯಲ್ಲಿತ್ತು. ಬಸ್ಸು ನಿಲ್ಲುವ ಬಯಲು, ಚಹದಂಗಡಿ, ಅದರ ಪಕ್ಕಕ್ಕೆ ಆತುಕೊಂಡಂತೆ ಆ ರೂಮು. ಚಹದಂಗಡಿಯ ಹೆಂಗಸು ಅವನನ್ನು ನೋಡಿ, ಒಂದು ಗಳಿಗೆ ತಡೆದು, "ಅಯ್ಯೋ, ಡ್ರೈವರಣ್ಣ! ನಿಮಗೆ ಕಾಲೂ ಇದೆಯಾ? ಕೂತಿದ್ದೇ ನೋಡಿದ್ದು ನಾವು," ಅಂದಳು. ಹೆಂಡತಿಗೆ ನಗು ತಡೆಯಲಾಗಲಿಲ್ಲ.

ರೂಮಿನಲ್ಲಿ ಈಗ ಸೌದೆ ತುಂಬಿದ್ದರು. ಮಂಚದ ಒಂದು ಕಾಲು ಮುರಿದಿತ್ತು. ಮೊಳೆ ಮಾತ್ರ ಗೋಡೆಯಲ್ಲಿತ್ತು. ಅವನು ಅದನ್ನು ಸವರಿದ. ತನ್ನ ಖಾಕಿ ಅಂಗಿ ಅಲ್ಲಿ ತೂಗುತ್ತಿದ್ದುದು, ಡೀಸೆಲ್ಲಿನ ವಾಸನೆ, ಒದ್ದೆ ಕಾಲುಚೀಲ, ಎಲ್ಲ ಒಟ್ಟಿಗೆ ನುಗ್ಗಿ ಬಂದವು. ಹೆಂಡತಿಗೆ ಹೇಳಬೇಕೆಂದು ತಿರುಗಿದ.

ಅವಳು ಹಿಂಬದಿಯ ಕಿಟಕಿಯ ಹತ್ತಿರ ನಿಂತಿದ್ದಳು.

"ಇಲ್ಲಿ ಬನ್ನಿ."

ಆ ಕಿಟಕಿಯನ್ನು ಅವನು ಒಮ್ಮೆಯೂ ತೆರೆದಿರಲಿಲ್ಲ. ಗಾಳಿ ಬರುತ್ತದೆಂದು ಬಂದ ಮೊದಲ ವಾರವೇ ಗೋಣಿ ತುರುಕಿ ಹಲಗೆ ಹೊಡೆದಿದ್ದ. ಕತ್ತಲಾದ ಮೇಲೆ ಬರುತ್ತಿದ್ದ, ಬೆಳಕು ಹರಿಯುವ ಮೊದಲು ಹೊರಡುತ್ತಿದ್ದ. ಈಗ ಹಲಗೆ ಕಿತ್ತುಹೋಗಿತ್ತು. ಕೆಳಗೆ, ಕಲ್ಲೆಸೆದರೆ ಬೀಳಬಹುದೆನ್ನುವಷ್ಟು ನೇರ ಕೆಳಗೆ, ಒಂದು ಪೇಟೆ. ಪೇಟೆಯ ಅಂಚಿಗೆ ಒಂದು ಮನೆ, ಮಾಡಿನ ಮೇಲೆ ನೀಲಿ ಟ್ಯಾಂಕು. ಹಿತ್ತಲ ತಂತಿಯಲ್ಲಿ ಹಳದಿ ಹೂವಿನ ಹೊದಿಕೆ.

"ಬೆಳಿಗ್ಗೆ ಒಗೆದು ಹಾಕಿದ್ದು," ಅಂದಳು ಅವಳು. "ನಮ್ಮದು."

ಅವನು ಕಿಟಕಿಯ ಅಂಚು ಹಿಡಿದು ಬಗ್ಗಿದ. ಬಸ್ಸು ಇಡೀ ಬೆಟ್ಟವನ್ನು ಬಳಸಿ, ಊರೂರು ಸುತ್ತಿ, ಅವನ ಮನೆಯ ತಲೆಯ ಮೇಲೇ ಬಂದು ನಿಲ್ಲುತ್ತಿತ್ತು.

ಚಹ ತಂದ ಹೆಂಗಸು ಇಬ್ಬರ ಮುಖ ನೋಡಿದಳು. "ಏನಕ್ಕ?"

"ಇಲ್ಲಿಂದ ಕೆಳಗಿಳಿಯೋಕೆ ದಾರಿ ಇದೆಯಾ?"

"ಇಲ್ದೆ ಏನು? ಸಾಮಾನಿಗೆ ನಾವು ಇಳಿಯೋದೇ ಅಲ್ಲಿ. ಅರ್ಧ ಗಂಟೆ. ಮೂಟೆ ಇದ್ರೆ ಮಾತ್ರ ಬಸ್ಸು."

"ಇವರಿಗೆ ಹೇಳಲಿಲ್ವಾ?"

"ಅವರ ಮನೆ ಎಲ್ಲಿ ಅಂತ ನಮಗೇನು ಗೊತ್ತಕ್ಕ? ಎರಡೂವರೆ ಗಂಟೆ ದೂರ ಅಂತಿದ್ರು. ಅದೂ ಅಲ್ದೆ ಡ್ರೈವರಿಗೆ ದಾರಿ ಹೇಳೋರು ಯಾರು?"

ಆ ಹೆಂಗಸು ಹೋದ ಮೇಲೆ ರೂಮಿನಲ್ಲಿ ಚಹದ ಹಬೆಯೊಂದೇ ಅಲ್ಲಾಡುತ್ತಿತ್ತು.

"ಗೊತ್ತಿರಲಿಲ್ಲ ಕಣೇ," ಅಂದ ಅವನು. "ಚಕ್ರ ಉರುಳಿದ್ದೇ ದಾರಿ ಅಂದ್ಕೊಂಡಿದ್ದೆ."

ಅವಳು ಹೊದಿಕೆಯನ್ನೇ ನೋಡುತ್ತಿದ್ದಳು. ಅವನು ಕಾದ. ಇಷ್ಟು ವರ್ಷ ಅವಳು ಕಾದದ್ದು ಹೇಗಿತ್ತು ಎಂದು ಆ ಸ್ವಲ್ಪ ಹೊತ್ತಿನಲ್ಲಿ ಅವನಿಗೆ ಅಂದಾಜು ಸಿಕ್ಕಿತು.

"ರಾತ್ರಿ ಈ ನೆತ್ತಿ ಮೇಲೆ ಎರಡು ದೀಪ ಬರ್ತಿತ್ತು," ಅಂದಳು ಕೊನೆಗೆ. "ಬಂದು, ಸ್ವಲ್ಪ ಹೊತ್ತಿದ್ದು, ಆರಿಹೋಗ್ತಿತ್ತು. ಮಗಳು ಹಟ ಮಾಡಿದ್ರೆ ತೋರಿಸ್ತಿದ್ದೆ. ನೋಡು ಪುಟ್ಟಿ, ಬೆಟ್ಟ ಕಣ್ಣು ಮುಚ್ಚಿತು, ನೀನೂ ಮುಚ್ಚು ಅಂತ."

"ಹೆಡ್‌ಲೈಟು."

"ಇನ್ನೇನು ಮತ್ತೆ. ನಿಮ್ಮಪ್ಪ ಬಂದ ಅಂತ ಹೇಳ್ಬಹುದಿತ್ತು. ನಾನೂ ನಿಮ್ಮಷ್ಟೇ ದಡ್ಡಿ."

ಹೊರಗೆ ಬಸ್ಸು ವಾಪಸ್ ಹೊರಡಲು ಹಾರನ್ ಹೊಡೆಯಿತು. ಅವನು ಅಭ್ಯಾಸಬಲದಿಂದ ಬಾಗಿಲ ಕಡೆ ಹೆಜ್ಜೆಯಿಟ್ಟ. ಅವಳು ಲೋಟ ಕೆಳಗಿಟ್ಟು, ಹೊರಬಂದು ರೂಮಿನ ಹಿಂಬದಿಗೆ ನಡೆದಳು.

"ವಾಪಸ್ ಟಿಕೆಟೂ ತಗೊಂಡಾಗಿದೆಯಲ್ಲೇ."

"ಅದು ಬೇಕಾದ್ರೆ ಬಸ್ಸಲ್ಲೇ ಬರಲಿ."

ದಾರಿ ಕಡಿದಾಗಿತ್ತು, ಆದರೆ ಜನ ನಡೆದು ನಡೆದು ಮೆಟ್ಟಿಲಿನಂತಾಗಿತ್ತು. ಅವನು ಬೇರು ಹಿಡಿದು, ಕಲ್ಲು ಹಿಡಿದು, ಕೂತು, ಜಾರಿ ಇಳಿದ. ಮಂಡಿ ಕಿರುಗುಟ್ಟಿತು. ನಡುದಾರಿಯಲ್ಲಿ ನಿಂತು, "ಎಷ್ಟು ಹತ್ತಿರ ಇತ್ತು ನೋಡು," ಅಂದ.

"ಮಾತಾಡ್ಬೇಡಿ. ಮಾತಾಡಿದ್ರೆ ನನಗೆ ಸಿಟ್ಟು ಬರುತ್ತೆ."

ಆದರೂ ಜಾರುವ ಕಡೆಯೆಲ್ಲ ಅವಳು ಹಿಂದಕ್ಕೆ ತಿರುಗದೆಯೇ ಕೈ ಚಾಚುತ್ತಿದ್ದಳು.

ದಾರಿ ಒಂದು ತಂತಿ ಬೇಲಿಗೆ ಬಂದು ಮುಟ್ಟಿತು. ಆಚೆ ಪಾಚಿ ಹಿಡಿದ ಗೋಡೆ, ಪೈಪು, ಮುರಿದ ಬಕೆಟ್ಟು. ಯಾರದೋ ಮನೆಯ ಹಿತ್ತಲು ಎಂದುಕೊಂಡ. ಈ ಕಡೆಯಿಂದ ತನ್ನ ಮನೆಯನ್ನು ಅವನು ಯಾವತ್ತೂ ನೋಡಿರಲಿಲ್ಲ.

"ಇಲ್ಲೊಂದು ಗೇಟ್ ಇಡಿಸಬಹುದಿತ್ತು," ಅಂದಳು ಅವಳು.

"ಇಡಿಸೋಣ. ನಾಳೇನೇ."

"ಈಗ ಯಾರು ಬರೋದಿದೆ?"

ಅವನು ಕೆಳಗಿನ ತಂತಿಯನ್ನು ಕಾಲಲ್ಲಿ ಒತ್ತಿ, ಮೇಲಿನದನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ನಿಂತ. ಅವಳು ತಲೆ ಬಗ್ಗಿಸಿ ಒಳಗೆ ದಾಟಿದಳು. ಆಮೇಲೆ ಆ ಕಡೆಯಿಂದ ಅವಳು ತಂತಿ ಎತ್ತಿ ಹಿಡಿದಳು.