ಅಪ್ಪನ ನಂಬರು

ಅಪ್ಪ ಈರಣ್ಣನಿಗೂ ಅವ್ವ ರುದ್ರವ್ವನಿಗೂ ಒಂದೇ ತಿಂಗಳಲ್ಲಿ ಸ್ಟೆಂಟ್ ಹಾಕಿಸಿದೆವು. ಹೃದಯಕ್ಕಲ್ಲ, ಮೂತ್ರಪಿಂಡಕ್ಕೆ ರಕ್ತ ಒಯ್ಯುವ ನಾಳಕ್ಕೆ. ಅದು ಕಿರಿದಾಗಿಯೇ ಇಬ್ಬರ ಬಿಪಿಯೂ ಏರುತ್ತಿದೆ ಎಂದು ಡಾಕ್ಟರು ಹೇಳಿದ್ದರು. ಎರಡೇ ತಿಂಗಳಲ್ಲಿ ಅಪ್ಪನದು ನೂರಾ ಮೂವತ್ತಕ್ಕಿಳಿಯಿತು, ಮೂರು ಗುಳಿಗೆ ಒಂದಾಯಿತು. ಮುಂಬಯಿಯ ಜೋಗೇಶ್ವರಿಯಲ್ಲಿರುವ ನಮ್ಮ ಚಾಳಿನಲ್ಲಿ ಅವನು ತಾನೇ ಆಪರೇಷನ್ ಮಾಡಿದವನಂತೆ ಓಡಾಡತೊಡಗಿದ. ಅವ್ವನದು ಮಾತ್ರ ನೂರಾ ಎಪ್ಪತ್ತು ಬಿಟ್ಟು ಕದಲಲಿಲ್ಲ.

ಒಬ್ಬರೇ ಡಾಕ್ಟರು, ಒಂದೇ ಒಲೆಯ ಅಡುಗೆ. ಅಂದಮೇಲೆ ತಪ್ಪು ಯಾರದು? ಎಲ್ಲರ ಊಟವಾದಮೇಲೆ ಒಬ್ಬಳೇ ಉಣ್ಣುವವಳ ತಟ್ಟೆಯಲ್ಲಿ ಏನಿರುತ್ತದೆಂದು ಕಂಡವರಾರು? "ಉಪ್ಪು ತಿಂದವರು ನೀರು ಕುಡೀಬೇಕು," ಎಂದು ಅಪ್ಪ ನಕ್ಕ. ನಾನು ಅದಕ್ಕಿಂತ ಕೆಟ್ಟದ್ದು ಮಾಡಿದೆ. ಉಪ್ಪಿನಕಾಯಿ ಭರಣಿಯನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದೆ.

"ನಾ ಮುಟ್ಟೇ ಇಲ್ಲವ್ವಾ ಶುಭಾ," ಎಂದಳು ಅವ್ವ.

"ಹಂಗಾದ್ರ ಅಪ್ಪಂದು ಹೆಂಗ ಇಳೀತು?"

ಡಾಕ್ಟರನ್ನು ಕೇಳಬೇಕೆಂದು ನಮಗಾರಿಗೂ ಹೊಳೆಯಲಿಲ್ಲ.

ಫೋರ್ಟಿನಲ್ಲಿದ್ದ ನನ್ನ ಆಫೀಸಿನಿಂದ ದಿನಾ ಮಧ್ಯಾಹ್ನ ಅವ್ವನಿಗೆ ಫೋನ್ ಮಾಡಿ, ಮನೆಯ ಬಿಪಿ ಮಶೀನಿನಲ್ಲಿ ಬಂದ ಇಬ್ಬರ ನಂಬರು ಕೇಳುತ್ತಿದ್ದೆ. ಬೀಗ ಬಿದ್ದ ಎರಡನೇ ವಾರದಿಂದ ಅವ್ವನದೂ ಇಳಿಯಿತು. ನೂರಾ ಮೂವತ್ತೈದು, ನೂರಾ ಮೂವತ್ತೆಂಟು. "ನೋಡು, ನಾ ಹೇಳ್ಲಿಲ್ಲೇನು?" ಎಂದೆ, ಗೆದ್ದವಳಂತೆ. ಅವಳು ಹೂಂ ಅಂದಳು. ಎಲ್ಲ ಸರಿಯಾಯಿತೆಂದು ಮುಂದಿನ ತಪಾಸಣೆಗೂ ಕರೆದೊಯ್ಯಲಿಲ್ಲ.

ಶ್ರಾವಣದ ಒಂದು ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದ ಅವ್ವನ ಬಲಗೈ ಹಿಟ್ಟಿನ ಮೇಲೇ ನಿಂತುಬಿಟ್ಟಿತು. ಬಾಯಿ ಸೊಟ್ಟಗಾಯಿತು. ಆಸ್ಪತ್ರೆಯಲ್ಲಿ ನೋಡಿದರೆ ಬಿಪಿ ಇನ್ನೂರಾ ಹತ್ತು. ಮನೆಯ ಮಶೀನು ಕೆಟ್ಟಿದೆ ಎಂದು ಸಿಟ್ಟಿನಲ್ಲಿ ಅದರ ಹಳೆಯ ನಂಬರುಗಳನ್ನು ತೆಗೆದು ನೋಡಿದೆ. ಮಶೀನು ಸರಿಯಾಗಿಯೇ ಇತ್ತು. ಪ್ರತಿದಿನ ಎರಡು ನಂಬರು: ಒಂದು ನೂರಾ ಮೂವತ್ತರ ಆಸುಪಾಸು, ಇನ್ನೊಂದು ನೂರಾ ಎಂಬತ್ತರ ಮೇಲೆ. ಅಪ್ಪನ ನಂಬರಿಗೆ ನಾಲ್ಕೈದು ಸೇರಿಸಿ ಅವಳು ತನ್ನದೆಂದು ಹೇಳುತ್ತಿದ್ದಳು. ಕಳ್ಳಿ ಅನ್ನಿಸಿಕೊಳ್ಳುವುದಕ್ಕಿಂತ ಸುಳ್ಳು ಹೇಳುವುದೇ ಮೇಲು ಅನ್ನಿಸಿರಬೇಕು. ಹಾಗೆ ಅನ್ನಿಸುವಂತೆ ಮಾಡಿದವಳು ನಾನು.

ಸ್ಟೆಂಟ್ ಹಾಕಿದ್ದ ಡಾಕ್ಟರ್ ಸೋನಾಲಿಯವರನ್ನು ಅಂದು ಕೇಳಿದೆ. ಸ್ಟೆಂಟ್ ಎಲ್ಲರಿಗೂ ಒಂದೇ ಫಲ ಕೊಡುವುದಿಲ್ಲ, ಹೆಂಗಸರಲ್ಲಿ ಬೇರೆಯಾಗಬಹುದು, ನಿಮ್ಮ ತಾಯಿಯ ನಾಳವಂತೂ ಬಹಳ ಸಣ್ಣದು ಎಂದು ಅವರು ಮರಾಠಿಯಲ್ಲಿ ಮೆಲ್ಲಗೆ ಹೇಳಿದರು. ನಿಜವಾದ ನಂಬರು ತಿಳಿದಿದ್ದರೆ ಗುಳಿಗೆ ಹೆಚ್ಚಿಸುತ್ತಿದ್ದರಂತೆ. ಮೂತ್ರ ಪರೀಕ್ಷೆ ನೋಡಿದರೆ ಅವ್ವ ಉಪ್ಪು ತಿನ್ನುವುದೇ ಕಡಿಮೆ. ಅಪ್ಪ ಗೋಡೆಯತ್ತ ತಿರುಗಿ ಕೂತ.

ನಾಲ್ಕನೇ ದಿನ ಅವ್ವನಿಗೆ ಮಾತು ಬಂತು, ತೊದಲುತ್ತ. ಕೈ ಬರಲಿಲ್ಲ. ಅದನ್ನು ಹಿಡಿದುಕೊಂಡು ಅಳುತ್ತಲೇ ಹೇಳಿದೆ, "ನಿಂದೇನೂ ತಪ್ಪಿಲ್ಲಂತ ಅವ್ವಾ. ಡಾಕ್ಟರ್ ಹೇಳಿದ್ರು."

ಅವಳು ನನ್ನ ಮುಖ ನೋಡಿದಳು.

"ನಾನೂ ಹೇಳಿದ್ನಲ್ಲವ್ವಾ," ಎಂದಳು.