ಎಡಗಿವಿಯ ಫೋಟೊ

ವಿಜ್ಞಾನದ ಕಾರ್ಯಾಗಾರಕ್ಕೆ ಕನ್ನಡ ಟೀಚರ್ ಯಾಕೆ ಹೋಗಬೇಕು ಎಂದು ನೀವು ಕೇಳಬಹುದು. ನಾನೂ ಕೇಳಿದ್ದೆ. ನಮ್ಮ ಭದ್ರಾವತಿಯ ಹೈಸ್ಕೂಲಿನಿಂದ ಇಬ್ಬರು ಬರಲೇಬೇಕೆಂದು ವಿಶ್ವವಿದ್ಯಾಲಯದವರು ಬರೆದಿದ್ದರು. ಗಣಿತದ ಮೇಷ್ಟ್ರು ಗಣತಿ ಕೆಲಸಕ್ಕೆ ಹೋಗಿದ್ದರು. ಉಳಿದವಳು ನಾನು. ವಿಜ್ಞಾನ ಹೇಳಿಕೊಡುವ ಜಗದಾಂಬಾ ಮತ್ತು ನಾನು ಇಬ್ಬರೂ ಶಿವಮೊಗ್ಗದ ಕೋಟೆಯವರು, ದಿನವೂ ಒಂದೇ ಬಸ್ಸಿನಲ್ಲಿ ಭದ್ರಾವತಿಗೆ ಹೋಗಿ ಬರುವವರು. "ಬಾರೇ ವಾಣಿ, ನಮ್ಮೂರ ಆಲ್ಕೊಳದಲ್ಲೇ ನಡೆಯೋದು, ಏನು ದೂರನಾ? ಊಟನಾದ್ರೂ ಸಿಗುತ್ತೆ" ಎಂದು ಅವಳೇ ಎಳೆದುಕೊಂಡು ಹೋದಳು.

ಊಟ ಸಿಕ್ಕಿತು, ಸುಳ್ಳು ಹೇಳಬಾರದು. ಪಲಾವು, ಮೊಸರು ಬಜ್ಜಿ, ಜಿಲೇಬಿ. ಜೊತೆಗೆ ಹೆಗಲಿಗೆ ಹಾಕುವ ಒಂದು ಚೀಲ, ಒಂದು ಭೂತಗನ್ನಡಿ, ಮಕ್ಕಳಿಂದ ಮಾಡಿಸಬೇಕಾದ ಚಟುವಟಿಕೆಗಳ ಹಾಳೆಗಳು. ಕಾರ್ಯಕ್ರಮದ ಉಸ್ತುವಾರಿ ಪ್ರೊಫೆಸರ್ ರೇಣುಕಾಪ್ರಸಾದ್ ಅವರದು. ಒಳ್ಳೆಯ ಮಾತುಗಾರ. ತೊಡಕಿಲ್ಲದ ಕನ್ನಡದಲ್ಲಿ, ನಗಿಸುತ್ತ ಹೇಳುತ್ತಿದ್ದರು. ಹಳ್ಳಿ ಶಾಲೆಗಳಿಗೆಲ್ಲ ತಮ್ಮ ಕಾರಿನಲ್ಲೇ ಟೆಲಿಸ್ಕೋಪು ಹೊತ್ತುಕೊಂಡು ಹೋಗುತ್ತಾರೆಂದು ಕೇಳಿ ನನಗೆ ಅವರ ಮೇಲೆ ಗೌರವವೂ ಬಂತು. ಆ ಗೌರವ ಪೂರ್ತಿ ಹೋಗಿಲ್ಲ, ಅದೇ ನನ್ನ ಕಷ್ಟ.

ಊಟದ ನಂತರದ ಹಾಳೆ ಕಿವಿಯದು. ಕೆಲವರ ಕಿವಿಯ ಹಾಲೆ ಕೆನ್ನೆಯಿಂದ ಬಿಡಿಯಾಗಿ ಕೆಳಗೆ ಜೋತಾಡುತ್ತದೆ, ಕೆಲವರದು ಕೆನ್ನೆಗೆ ಅಂಟಿಕೊಂಡೇ ಇರುತ್ತದೆ. ಅಪ್ಪ ಅಮ್ಮ ಇಬ್ಬರದೂ ಅಂಟಿದ ಹಾಲೆಯಾದರೆ ಮಕ್ಕಳದೂ ಅಂಟಿದ್ದೇ ಆಗಿರುತ್ತದೆ, ಬೇರೆಯಾಗಲು ಸಾಧ್ಯವಿಲ್ಲ ಎಂದು ಹಾಳೆಯಲ್ಲಿತ್ತು. ಮಕ್ಕಳು ಮನೆಯವರ ಕಿವಿಗಳ ಫೋಟೊ ತೆಗೆದು ಚಾರ್ಟಿಗೆ ಅಂಟಿಸಬೇಕು. ಎಲ್ಲರದೂ ಒಂದೇ ರೀತಿ ಇರಲೆಂದು ಎಡಗಿವಿ ಮಾತ್ರ. ಯಾರಿಗಾದರೂ ಪ್ರಶ್ನೆಗಳಿವೆಯೇ ಎಂದು ಕೇಳಿದರು. ಜಿಲೇಬಿ ತಿಂದು ಕೂತ ಮೇಷ್ಟ್ರುಗಳಿಗೆ ಎಂಥ ಪ್ರಶ್ನೆ?

ಜಗದಾಂಬಾಗೆ ಮಾತ್ರ ಖುಷಿಯೋ ಖುಷಿ. ನಮ್ಮ ಲ್ಯಾಬಿನಲ್ಲಿ ಇರುವ ಒಂದೇ ಸೂಕ್ಷ್ಮದರ್ಶಕಕ್ಕೆ ಕಣ್ಣಿಡುವ ಗಾಜಿಲ್ಲ. ಕಿವಿಯಾದರೋ ಎಲ್ಲ ಮಕ್ಕಳಿಗೂ ಇದೆ ಎಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಹೇಳಿದಳು.

ನಮ್ಮ ಹತ್ತನೇ ಕ್ಲಾಸಿನ ಅಕ್ಷಯಾಳ ಚಾರ್ಟೇ ಎಲ್ಲರದಕ್ಕಿಂತ ಚಂದವಾಗಿತ್ತು. ಅವಳ ಅಪ್ಪ ಮನೋಹರನಿಗೆ ಓಲ್ಡ್ ಟೌನಿನಲ್ಲಿ ಬೀಜ ಗೊಬ್ಬರದ ಅಂಗಡಿ. ಒಬ್ಬಳೇ ಮಗಳು. ದಿನಾ ಬೆಳಿಗ್ಗೆ ಸ್ಕೂಟರಿನಲ್ಲಿ ತಂದು ಗೇಟಿನ ಮುಂದೆ ಇಳಿಸಿ, ಅವಳ ಜಡೆಯ ರಿಬ್ಬನ್ ಸರಿಮಾಡಿ ಹೋಗುತ್ತಿದ್ದ. ಆ ವಯಸ್ಸಿನ ಹುಡುಗಿಯರು ನಾಚಿಕೆಯಿಂದ ತಲೆ ಕೊಡವಿಕೊಳ್ಳುತ್ತಾರೆ, ಇವಳು ನಿಂತು ಕಟ್ಟಿಸಿಕೊಳ್ಳುತ್ತಿದ್ದಳು. ತಾಯಿ ಮಂಜುಶ್ರೀಯನ್ನು ಪೋಷಕರ ಸಭೆಯಲ್ಲಿ ಕಂಡಿದ್ದೆ. ಕಿವಿ ಮುಚ್ಚುವಂತೆ ತಲೆ ಬಾಚಿ, ಹಿಂದಿನ ಬೆಂಚಿನಲ್ಲಿ ಕೂತು, ಏನು ಹೇಳಿದರೂ ತಲೆಯಾಡಿಸುವ ಹೆಂಗಸು.

ನಮ್ಮ ಶಾಲೆಯ ವಿಜ್ಞಾನ ವಸ್ತುಪ್ರದರ್ಶನದ ದಿನ ಪೋಷಕರೆಲ್ಲ ಬಂದಿದ್ದರು. ಮನೋಹರ ಅಂಗಡಿ ಮುಚ್ಚಿ ಬಂದಿದ್ದ. ಮಂಜುಶ್ರೀ ಬಂದಿರಲಿಲ್ಲ. ಅತಿಥಿಯಾಗಿ ಬಂದಿದ್ದ ಪ್ರೊಫೆಸರು ಮೈಕು ಹಿಡಿದು ಒಂದೊಂದೇ ಚಾರ್ಟಿನ ಮುಂದೆ ನಿಂತು ಮಕ್ಕಳ ಬೆನ್ನು ತಟ್ಟುತ್ತ ಬಂದರು. ಅಕ್ಷಯಾಳ ಚಾರ್ಟಿನ ಮುಂದೆ ಹುಬ್ಬೇರಿಸಿದರು.

"ಅಪ್ಪಂದು ಅಂಟಿದ ಹಾಲೆ. ಅಮ್ಮಂದೂ ಅಂಟಿದ ಹಾಲೆ. ನಿಂದು ಮಾತ್ರ ಬಿಡಿ. ಇದು ಎಲ್ಲಿಂದ ಬಂತು ಪುಟ್ಟಿ?" ಎಂದು ನಕ್ಕರು.

ಜನ ನಕ್ಕರು. ಹಿಂದಿನಿಂದ ಯಾರೋ, "ಪಕ್ಕದ ಮನೆಯಿಂದ ಬಂದಿರಬೇಕು" ಎಂದ. ಇನ್ನೂ ಜೋರಾಗಿ ನಕ್ಕರು. ಮನೋಹರನೂ ಮೊದಲು ನಕ್ಕ. ಆಮೇಲೆ ಚಾರ್ಟನ್ನೇ ನೋಡುತ್ತ ನಿಂತ. ಪ್ರೊಫೆಸರು ಅಷ್ಟರಲ್ಲಿ ಪಕ್ಕದ ಜ್ವಾಲಾಮುಖಿಗೆ ಹೋಗಿಯಾಗಿತ್ತು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ.

ಮರುದಿನದಿಂದ ಅಕ್ಷಯಾ ನಡೆದು ಬರತೊಡಗಿದಳು. ಸ್ಕೂಟರ್ ಕೆಟ್ಟಿದೆ ಎಂದಳು. ಆ ವಾರ ಜಗದಾಂಬಾ ಲ್ಯಾಬಿನಲ್ಲಿ ಕೂರಿಸಿಕೊಂಡು ಕೇಳಿದ ಮೇಲೆ ಬಾಯಿ ಬಿಟ್ಟಳು, ನಾನೂ ಅಲ್ಲೇ ಇದ್ದೆ. ಅಪ್ಪ, ಅಮ್ಮನ ಜೊತೆ ಮಾತು ಬಿಟ್ಟಿದ್ದಾರೆ. ಊಟ ಅಂಗಡಿಗೇ ತರಿಸಿಕೊಳ್ಳುತ್ತಾರೆ. ತನ್ನ ಮುಖವನ್ನೂ ನೋಡುವುದಿಲ್ಲ, ನೋಡಿದರೂ ಕಿವಿಯನ್ನಷ್ಟೇ ನೋಡುತ್ತಾರೆ. ಪರೀಕ್ಷೆ ಮುಗಿದ ತಕ್ಷಣ ತಾಯಿ ಮಗಳಿಬ್ಬರೂ ತರೀಕೆರೆಯ ತವರಿಗೆ ಹೋಗಬೇಕು, ಡಿಎನ್‌ಎ ಪರೀಕ್ಷೆಯ ಫಲಿತಾಂಶ ಬರುವವರೆಗೆ ಈ ಹೊಸಿಲು ತುಳಿಯಬಾರದು ಎಂದಿದ್ದಾರೆ. ಅಜ್ಜಿ ಮಧ್ಯೆ ಬಾಯಿ ಹಾಕುವುದಿಲ್ಲ. ಅಮ್ಮನಂತೂ ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ಅವಳ ಮೌನವನ್ನೇ ಅಪ್ಪ ಸಾಕ್ಷಿ ಎಂದು ಹಿಡಿದುಕೊಂಡಿದ್ದಾರೆ.

"ಚಾರ್ಟ್ ಮಾಡಿದ್ದು ನಾನು ಮಿಸ್" ಎಂದಳು ಅಕ್ಷಯಾ. "ನಾನು ಮಾಡ್ದೆ ಇದ್ದಿದ್ರೆ ನಾನು ಅಪ್ಪನ ಮಗಳಾಗೇ ಇರ್ತಿದ್ದೆ."

ಜಗದಾಂಬಾ ಅತ್ತಳು. ನನಗೆ ಅಳು ಬರುವುದಿಲ್ಲ, ಸಿಟ್ಟು ಬರುತ್ತದೆ. ಶಾಲೆ ಬಿಟ್ಟವರೇ ಆಲ್ಕೊಳಕ್ಕೆ, ಪ್ರೊಫೆಸರ ಹತ್ತಿರ ಹೋದೆವು.

ರೇಣುಕಾಪ್ರಸಾದ್ ಎಲ್ಲವನ್ನೂ ಕೇಳಿ ಬೆವರು ಒರೆಸಿಕೊಂಡರು. ಆಮೇಲೆ ನಿಜ ಹೇಳಿದರು. ಕಿವಿಯ ಹಾಲೆ ಹಾಳೆಯಲ್ಲಿದ್ದಷ್ಟು ಸರಳವಲ್ಲವಂತೆ. ಅದನ್ನು ತೀರ್ಮಾನಿಸುವ ಅಂಶಗಳು ಹಲವಾರಂತೆ, ಅಂಟಿದ ಹಾಲೆಯ ತಂದೆತಾಯಿಗೆ ಬಿಡಿಹಾಲೆಯ ಮಗು ಹುಟ್ಟುವುದು ಅಪರೂಪವೇನಲ್ಲವಂತೆ. ಇದು ಅವರಿಗೆ ಮೊದಲಿನಿಂದಲೂ ಗೊತ್ತಿತ್ತು.

"ಗೊತ್ತಿದ್ದೂ ಹಾಳೇಲಿ ಹಂಗೆ ಹಾಕಿದ್ರಾ ಸರ್?" ಎಂದಳು ಜಗದಾಂಬಾ.

"ಸ್ಕೂಲ್ ಲೆವೆಲ್‌ಗೆ ಸ್ವಲ್ಪ ಸಿಂಪಲ್ ಮಾಡ್ಬೇಕಾಗುತ್ತೆ ಮೇಡಂ. ಎಲ್ಲ ಕಡೆ ಹಾಗೇ ಮಾಡ್ತಾರೆ."

ನನಗೆ ತಡೆಯಲಾಗಲಿಲ್ಲ. ನಾನು ಪಾಠ ಮಾಡುವ ಗಾದೆಗಳೂ ಅರ್ಧ ಸತ್ಯವೇ, ಆದರೆ ಗಾದೆಯ ಪಕ್ಕ ಯಾರೂ ತಮ್ಮ ಅಮ್ಮನ ಫೋಟೊ ಅಂಟಿಸುವುದಿಲ್ಲ ಎಂದೆ. ಈ ಮಾತನ್ನು ಆ ಮನೆಗೆ ಬಂದು ನೀವೇ ಹೇಳಬೇಕು ಎಂದೆ. ಅವರು ಕಿಟಕಿಯ ಕಡೆ ನೋಡಿದರು. ಮನೆಯೊಳಗಿನ ವಿಚಾರ, ಯೂನಿವರ್ಸಿಟಿಯ ಹೆಸರು ಬರುತ್ತದೆ ಎಂದೆಲ್ಲ ಗೊಣಗಿದರು. ಕೊನೆಗೆ ಭಾನುವಾರ ಬರುತ್ತೇನೆಂದರು, ಬಂದರು ಕೂಡ. ಹಾಗಾಗಿಯೇ ಗೌರವ ಪೂರ್ತಿ ಹೋಗಿಲ್ಲ ಎಂದದ್ದು.

ಮನೆ ಅಂಗಡಿಯ ಮೇಲೆಯೇ ಇತ್ತು. ಗೊಬ್ಬರದ ಘಾಟು ಮೆಟ್ಟಿಲು ಹತ್ತಿ ನಮ್ಮ ಜೊತೆಗೇ ಬಂತು. ಮನೋಹರನ ತಾಯಿ ಪ್ರೇಮಮ್ಮ ಕಾಫಿ ತಂದಿಟ್ಟು ಮೂಲೆಯ ಕುರ್ಚಿಯಲ್ಲಿ ಕೂತರು. ಅಕ್ಷಯಾ ಬಾಗಿಲ ಚೌಕಟ್ಟಿಗೆ ಒರಗಿ ನಿಂತಳು. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ಕೇಳುತ್ತಿತ್ತು. ಪ್ರೊಫೆಸರು ಕಾಫಿ ಮುಟ್ಟದೆ, ನಗಿಸದೆ, ತಪ್ಪು ತಮ್ಮದೇ ಎಂದು ಎಲ್ಲವನ್ನೂ ಬಿಡಿಸಿ ಹೇಳಿದರು. ಮನೋಹರ ಕೈಕಟ್ಟಿ ಕೇಳಿದ. ಅವನೂ ಸೊರಗಿದ್ದ, ಗಡ್ಡ ಬಿಟ್ಟಿದ್ದ. ನಂಬಬೇಕೆಂದು ಅವನಿಗೂ ಆಸೆಯಿತ್ತು ಅಂತ ಅವನ ಮುಖ ನೋಡಿದರೆ ತಿಳಿಯುತ್ತಿತ್ತು.

"ಹಂಗಾದ್ರೆ ಇವಳು ನನ್ನ ಮಗಳೇ ಅಂತ ಬರ್ಕೊಡ್ತೀರಾ ಸಾರ್?" ಎಂದ.

ರೇಣುಕಾಪ್ರಸಾದ್ ತಡವರಿಸಿದರು. "ಕಿವಿ ನೋಡಿ ಹೌದು ಅಂತಾನೂ ಹೇಳಕ್ಕಾಗಲ್ಲ, ಅಲ್ಲ ಅಂತಾನೂ ಹೇಳಕ್ಕಾಗಲ್ಲ. ಅಷ್ಟೇ ನಾನು ಹೇಳ್ತಿರೋದು."

ಇಷ್ಟು ದಿನಕ್ಕೆ ಆ ಮನುಷ್ಯ ಪೂರ್ತಿ ಸತ್ಯ ಹೇಳಿದ್ದು ಅದೊಂದೇ, ಅದೂ ಹೇಳಬಾರದ ಹೊತ್ತಿನಲ್ಲಿ. ಮನೋಹರನ ಮುಖ ಮತ್ತೆ ಗಂಟಿಕ್ಕಿತು. ಹಾಗಾದರೆ ಅವತ್ತು ಮೈಕಿನಲ್ಲಿ ನಕ್ಕದ್ದು ಯಾಕೆ ಎಂದು ಕೇಳಿದ. ಪ್ರೊಫೆಸರು ಈಗ ಕಾಫಿ ಲೋಟ ಕೈಗೆತ್ತಿಕೊಂಡರು. ಪರೀಕ್ಷೆ ಮಾಡಿಸಿಯೇ ಬಿಡುತ್ತೇನೆ, ಅಲ್ಲಿಯ ತನಕ ಇಬ್ಬರೂ ತರೀಕೆರೆಯಲ್ಲೇ ಇರಲಿ ಎಂದು ಮನೋಹರ ಎದ್ದು ನಿಂತ.

ಪಾತ್ರೆಯ ಸದ್ದು ನಿಂತಿತು. ಮಂಜುಶ್ರೀ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. ಮೊದಲು ಮಗಳ ಕಡೆ ನೋಡಿ, ನೀನು ಮೇಲೆ ತಾರಸಿಗೆ ಹೋಗಿ ಒಣಗಿದ ಬಟ್ಟೆ ತೆಗೆದುಕೊಂಡು ಬಾ ಎಂದಳು. ಅಕ್ಷಯಾ ಕದಲಲಿಲ್ಲ. ಮಂಜುಶ್ರೀ ಸ್ವಲ್ಪ ಹೊತ್ತು ಕಾದಳು. ಅವಳು ಆಗ ಮನಸ್ಸಿನಲ್ಲಿ ಏನನ್ನು ತೂಗುತ್ತಿದ್ದಳೆಂದು ನನಗೆ ತಿಳಿದದ್ದು ಆಮೇಲೆ.

ಅವಳು ಬಲಗಿವಿಯ ಮೇಲಿನ ಕೂದಲನ್ನು ಎತ್ತಿ ಹಿಂದಕ್ಕೆ ಸರಿಸಿದಳು. ಬಿಡಿಯಾಗಿ ಇಳಿದ ದುಂಡನೆಯ ಹಾಲೆ, ಥೇಟು ಮಗಳದ್ದೇ. ಆಮೇಲೆ ಎಡಗಡೆಯ ಕೂದಲು ಎತ್ತಿದಳು. ಆ ಕಿವಿಗೆ ಕೆಳಗೆ ಹಾಲೆಯೇ ಇರಲಿಲ್ಲ. ಅಂಚನ್ನು ಎಳೆದು ಕೆನ್ನೆಗೆ ಸೇರಿಸಿ ಹೊಲಿದಿದ್ದ ಗಾಯದ ಗೆರೆ ಹತ್ತಿರದಿಂದ ಸ್ಪಷ್ಟವಾಗಿ ಕಾಣುತ್ತಿತ್ತು. ಓಲೆಗೆ ಮೇಲೆಲ್ಲೋ ಹೊಸದಾಗಿ ತೂತು ಮಾಡಿಸಿದ್ದಳು. ದೂರದಿಂದ ತೆಗೆಸಿಕೊಂಡ ಫೋಟೊದಲ್ಲಿ ಇದೇ ಕಿವಿ ಅಂಟಿದ ಹಾಲೆಯಂತೆ ಕಂಡಿತ್ತು.

"ಓ, ಇದು ಹೊಲಿಗೆ ಹಾಕಿರೋದು" ಎಂದರು ಪ್ರೊಫೆಸರು. ಎದೆಯ ಭಾರ ಇಳಿದಂತೆ ಉಸಿರುಬಿಟ್ಟರು. "ಹಾಗಾದ್ರೆ ಲೆಕ್ಕ ಸರಿಹೋಯ್ತಲ್ಲ."

ಕೈಗೆ ಸಿಕ್ಕಿದ್ದನ್ನು ಅವರ ಮೇಲೆ ಎಸೆಯಬೇಕೆನ್ನಿಸಿತು.

ಮನೋಹರ ಹೆಂಡತಿಯ ಹತ್ತಿರ ಬಂದು ಬಗ್ಗಿ ನೋಡಿದ. ಇಷ್ಟು ವರ್ಷ ಒಂದೇ ಸೂರಿನಡಿ ಇದ್ದವನು ಅವಳ ಎರಡು ಕಿವಿಯನ್ನೂ ನೋಡಿದ್ದು ಅವತ್ತೇ ಇರಬೇಕು. ಇದು ಏನಾದದ್ದು, ಯಾವಾಗ, ನನಗ್ಯಾಕೆ ಹೇಳಲಿಲ್ಲ ಎಂದು ಕೇಳಿದ. ಅವನು ನಾಟಕ ಮಾಡುತ್ತಿರಲಿಲ್ಲ. ಅವನಿಗೆ ನಿಜಕ್ಕೂ ಗೊತ್ತಿರಲಿಲ್ಲ. ನನಗೆ ಹೆದರಿಕೆಯಾದದ್ದು ಅದನ್ನು ನೋಡಿ.

"ಇವಳು ಹೊಟ್ಟೇಲಿದ್ದಾಗ ಅಂಗಡಿ ಬೀಗದ ಕೈ ಕಾಣಿಸ್ಲಿಲ್ಲ ಅಂತ ಹೊಡೆದ್ರಲ್ಲ" ಎಂದಳು ಮಂಜುಶ್ರೀ. ದನಿ ಏರಿಸಲಿಲ್ಲ. "ಜುಮಕಿ ನಿಮ್ಮ ಬೆರಳಿಗೆ ಸಿಕ್ಕಿ ಕಿತ್ತು ಬಂತು. ಮಾರನೇ ದಿನ ಅಪ್ಪ ಬಂದು ಬಾಣಂತನಕ್ಕೆ ಕರ್ಕೊಂಡು ಹೋದ್ರು. ಅಲ್ಲಿನ ಆಸ್ಪತ್ರೇಲೇ ಕೊಯ್ದು ಹೊಲಿದ್ರು. ಬೀಗದ ಕೈ ನಿಮ್ಮ ಜೇಬಲ್ಲೇ ಇತ್ತು."

ಮನೋಹರ ತಾಯಿಯ ಕಡೆ ತಿರುಗಿದ, ಇಲ್ಲ ಎನ್ನಲಿ ಎಂಬಂತೆ. ಪ್ರೇಮಮ್ಮ ಸೆರಗಿನ ತುದಿಯನ್ನು ಸುತ್ತುತ್ತ, ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ, ಆದದ್ದು ಆಗಿಹೋಯಿತು, ಈಗ್ಯಾಕೆ ಎಂದರು. ಅದೇ ಸಾಕ್ಷಿಯಾಯಿತು.

ಇಷ್ಟು ದಿನ ನುಂಗಿಕೊಂಡು ಯಾಕೆ ಕೂತಿರಿ, ಮೊದಲ ದಿನವೇ ಈ ಕಿವಿ ತೋರಿಸಿದ್ದರೆ ಮುಗಿಯುತ್ತಿತ್ತಲ್ಲ ಎಂದು ಜಗದಾಂಬಾ ಕೇಳಿದಳು.

"ಇದನ್ನ ತೋರಿಸಿದ್ರೆ ಅದು ಏನಾಯ್ತು ಅಂತ ಇವಳು ಕೇಳ್ತಿದ್ಲು ಮೇಡಂ" ಎಂದಳು ಮಂಜುಶ್ರೀ. "ಇವಳಿಗೆ ಅಪ್ಪ ಅಂದ್ರೆ ಪ್ರಾಣ. ನನ್ನ ಮೇಲೆ ಅನುಮಾನ ಬಂದ್ರೆ ಬರ್ಲಿ, ಅದೊಂದು ಹಂಗೇ ಇರ್ಲಿ ಅಂತಿದ್ದೆ."

ಅವಳು ಕೂದಲನ್ನು ಮತ್ತೆ ಕಿವಿಯ ಮೇಲೆ ಎಳೆದುಕೊಂಡಳು. ಅಭ್ಯಾಸ ಎಲ್ಲಿ ಹೋಗುತ್ತದೆ.

ಮನೋಹರನಿಗೆ ಹೆಂಡತಿಯ ಮುಖ ನೋಡಲಾಗಲಿಲ್ಲ. ಮಗಳ ಹತ್ತಿರ ಹೋದ. ತಪ್ಪಾಯಿತು, ಬಾ ಮಗಳೇ, ನಾಳೆಯಿಂದ ಸ್ಕೂಟರಿನಲ್ಲಿ ಬಿಡುತ್ತೇನೆ ಎಂದು, ಕೆದರಿದ್ದ ಅವಳ ರಿಬ್ಬನ್ ಸರಿಮಾಡಲು ಕೈ ಚಾಚಿದ. ಅಕ್ಷಯಾಳ ಎರಡೂ ಕೈಗಳು ಮೇಲೆದ್ದು ತನ್ನ ಕಿವಿಗಳನ್ನು ಮುಚ್ಚಿಕೊಂಡವು. ಅವಳು ಬೇಕೆಂದು ಮಾಡಿದ್ದಲ್ಲ ಎಂದು ನನಗನ್ನಿಸುತ್ತದೆ. ಮನೋಹರನ ಕೈ ಅರ್ಧದಲ್ಲೇ ನಿಂತಿತು.

ಪ್ರೊಫೆಸರು ಹೋಗೋಣವೇ ಎಂಬಂತೆ ಬ್ಯಾಗು ತೆಗೆದುಕೊಂಡರು. ಅಕ್ಷಯಾ ಕೈ ಇಳಿಸಿ ಜಗದಾಂಬಾಳ ಕಡೆ ತಿರುಗಿದಳು. ಕ್ಲಾಸಿನಲ್ಲಿ ಅರ್ಥವಾಗದ್ದನ್ನು ಕೇಳುವ ದನಿಯಲ್ಲೇ ಕೇಳಿದಳು.

"ಮಿಸ್, ನಾನು ಅಪ್ಪನ ಮಗಳೇ ಅಂತ ಆಯ್ತಲ್ಲ. ಹಾಗಾದ್ರೆ ಅಪ್ಪಂದು ಇನ್ನೇನೇನು ನನಗೆ ಬಂದಿರುತ್ತೆ?"

ಜಗದಾಂಬಾ ಪ್ರೊಫೆಸರ ಮುಖ ನೋಡಿದಳು. ಅವರು ತೆಗೆದುಕೊಂಡ ಬ್ಯಾಗನ್ನು ಮತ್ತೆ ಕೆಳಗಿಟ್ಟರು. ಮನೋಹರ ಚಾಚಿದ್ದ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡ.