ಮಡೆಪ್ಪನ ಮುಚ್ಚಳ

ಗಂಡನ ಹೆಸರು ಹೇಳಬಾರದು ಅನ್ನುತ್ತಾರೆ. ನಾನು ಹೇಳುತ್ತೇನೆ: ಮಡೆಪ್ಪ. ಕುರಿ ಕಾಯುವವರ ಮನೆಯಲ್ಲಿ ಹುಟ್ಟಿ, ಕುರಿಗಿಂತ ಗಾಡಿಯನ್ನೇ ಹೆಚ್ಚು ಪ್ರೀತಿಸಿದ ಗಂಡಸು. ಎಂಬತ್ತಮೂರನೇ ಇಸವಿಯಲ್ಲಿ ಎಲ್ಲಿಂದಲೋ ಒಂದು ಹಳೇ ಪಿಕಪ್ ತಂದು, ಬಸವಕಲ್ಯಾಣದ ಸುತ್ತಲಿನ ಕುರಿಗಳನ್ನು ಹುಮನಾಬಾದಿನ ಸಂತೆಗೆ ಸಾಗಿಸಲು ಶುರುಮಾಡಿದ. ಮೋರಖಂಡಿಯ ನಮ್ಮ ಮನೆಯ ಮುಂದೆ ಅದು ಬಂದು ನಿಂತ ದಿನ ನಾನೂ ಹಿಗ್ಗಿದ್ದೆ, ಸುಳ್ಳೇಕೆ ಹೇಳಲಿ.

ಆ ಹಿಗ್ಗು ಬಹಳ ದಿನ ಉಳಿಯಲಿಲ್ಲ. ತಾಡಪತ್ರಿ ಬಿಗಿದು ಕಟ್ಟಿದರೂ ಯಾವುದಾದರೊಂದು ಕುರಿ ರಸ್ತೆಗೆ ಹಾರುತ್ತಿತ್ತು. ಅದಕ್ಕೇ ಹಿಂದೆ ಅವುಗಳ ನಡುವೆ ಕೂತು ಕಾಯುವ ಕೆಲಸ ನನ್ನ ಪಾಲಿಗೆ ಬಂತು. ಧೂಳು ಕುಡಿದೂ ಕುಡಿದೂ ಧೂಳಮ್ಮ ಎಂಬ ನನ್ನ ಹೆಸರು ಸಾರ್ಥಕವಾಗಿತ್ತು.

ಒಂದು ದಿನ ಅವನೇ ಹೇಳಿದ: "ಇದಕ್ಕೊಂದು ಮುಚ್ಚಳ ಮಾಡ್ತೀನಿ. ಬಟನ್ ಒತ್ತಿದ್ರ ತಾನೇ ತೆರೀಬೇಕು, ತಾನೇ ಮುಚ್ಚಬೇಕು. ಆಮ್ಯಾಲ ನೀ ಮುಂದ ನನ್ನ ಬಾಜೂಕ ಕುಂದ್ರು."

ಆ ಕೊನೆಯ ಮಾತಿಗೆ ನಾನು ಮರುಳಾದೆ. ಗುಜರಿಯಿಂದ ಲಾರಿಯ ವೈಪರ್ ಮೋಟಾರ್ ಬಂತು, ಜೀಪಿನ ತಿರುಪಿನ ಜಾಕ್ ಬಂತು. ಕಬ್ಬಿಣದ ಚೌಕಟ್ಟಿಗೆ ತಗಡು ಹೊಡೆದ. ಮೋಟಾರ್ ಒಂದು ಕಡೆ ತಿರುಗಿದರೆ ಜಾಕ್ ಮುಚ್ಚಳವನ್ನು ಎತ್ತುತ್ತಿತ್ತು, ಇನ್ನೊಂದು ಕಡೆ ತಿರುಗಿದರೆ ಇಳಿಸುತ್ತಿತ್ತು. ಒತ್ತುವ ಗುಂಡಿ ಡ್ರೈವರ್ ಸೀಟಿನ ಪಕ್ಕದಲ್ಲಿತ್ತು. ಮೋಟಾರನ್ನೂ ಜಾಕನ್ನೂ ಜೋಡಿಸಲು ಪಿನ್ನು ಸಿಗದೆ ಒಂದು ದಪ್ಪ ಮೊಳೆ ತೂರಿಸಿ ತುದಿ ಬಗ್ಗಿಸಿದ. ಉಣ್ಣೆಗೆ ಧೂಳು ಹತ್ತಬಾರದೆಂದು ಅಂಚಿಗೆಲ್ಲ ಹಳೇ ಟ್ಯೂಬಿನ ರಬ್ಬರ್ ಬಡಿದ. ಗಾಳಿಗೆಂದು ಕೆಳಗಡೆ ನಾಲ್ಕಾರು ತೂತು, ಅಷ್ಟೇ.

"ಒಳಗಿಂದ ತೆಗಿಯಾಕೂ ಏನರೆ ಇಡ್ರಿ," ಅಂದೆ.

"ಕುರಿ ಏನ್ ಕದಾ ತೆಗೀತಾವೇನ?" ಅಂತ ನಕ್ಕ. ಅವನು ನಕ್ಕಮೇಲೆ ಮಾತು ಮುಗಿಯಿತು. ನಮ್ಮ ಮನೆಯಲ್ಲಿ ಯಾವಾಗಲೂ ಹಾಗೇ.

ಮೊದಲ ಸಲ ನಮ್ಮ ಕುರಿಗಳನ್ನೇ ತುಂಬಿಕೊಂಡು ಹೊರಟೆವು. ಯುಗಾದಿ ಮುಗಿದ ಬಿಸಿಲು. ಹೈವೇ ಹತ್ತಿದ ಮೇಲೆ ಶರಣಪ್ಪನ ಚಹಾದ ಹೋಟೆಲ್ ಬಂತು. ಅಲ್ಲಿ ಗಾಡಿ ನಿಲ್ಲಿಸಿ ಕಂಡಕಂಡವರನ್ನೆಲ್ಲ ಕರೆದು ಮುಚ್ಚಳ ತೋರಿಸತೊಡಗಿದ. ಸಂತೆ ಮುಗಿಯುತ್ತದೆ ನಡೀರಿ ಅಂದರೆ ಕಿವಿಗೇ ಹಾಕಿಕೊಳ್ಳಲಿಲ್ಲ. "ಹಂಗಾದ್ರ ನಾ ಬಸ್ಸಿಗಿ ಹೋಗ್ತೀನ್ರಿ," ಅಂತ ರೇಗಿದೆ.

ಹೋಗಿಬಿಡಬೇಕಿತ್ತು. ಅಷ್ಟರಲ್ಲಿ ತೆರೆದ ಮುಚ್ಚಳದ ಒಳಗೆ ಒಂದು ಮರಿ ಉಳಿದವುಗಳ ಕಾಲಡಿ ಸಿಕ್ಕು ಒದ್ದಾಡುವುದು ಕಂಡಿತು. ಬಿಸಿಲಿಗೆ ತಲೆಮೇಲೆ ಕಂಬಳಿ ಹೊದ್ದವಳು ಹಾಗೇ ಹತ್ತಿ ಬಗ್ಗಿದೆ. ಕರಿ ಕುರಿಗಳ ನಡುವೆ ಕರಿ ಕಂಬಳಿ. ಮಡೆಪ್ಪ ಡ್ರೈವರ್ ಸೀಟಿನಿಂದ ಹಿಂದಕ್ಕೆ ನೋಡಿದನೋ ಇಲ್ಲವೋ, ನೋಡಿದ್ದರೂ ಕುರಿಯನ್ನೇ ಕಂಡಿದ್ದಾನು.

"ನೋಡ್ರಿ ಶರಣಪ್ಪಣ್ಣ, ಒಂದ ಬೆರಳು!" ಅಂದ. ಮುಚ್ಚಳ ಇಳಿಯಿತು.

ಕತ್ತಲೆ. ಕೈಯೆತ್ತಿದರೆ ತಗಡು, ಕಾದ ಹೆಂಚಿನ ಹಾಗೆ. ನಾನು ಕೂಗಿದೆ. ಕೂಗಿದ್ದೇ ತಪ್ಪಾಯಿತು. ನಾನು ಕರೆದರೆ ಓಗೊಡುವುದನ್ನು ಆ ಕುರಿಗಳಿಗೆ ಕಲಿಸಿದವಳು ನಾನೇ. ಎಲ್ಲವೂ ಒಟ್ಟಿಗೆ "ಬ್ಯಾ" ಎಂದವು. ನಾನು ಜೋರು ಮಾಡಿದಷ್ಟೂ ಅವೂ ಜೋರು ಮಾಡಿದವು. ಬಾಯಿಗೆ ಸೆರಗು ತುರುಕಿಕೊಂಡು, ಎರಡೂ ಕೈಯಿಂದ ತಗಡು ಬಡಿದೆ.

ತೂತಿನಿಂದ ಅವನ ದನಿ ಕೇಳಿತು. "ಟಗರು ಗುದ್ದಾಕತ್ತದ್ರಿ. ಹ್ಯಾಂಗ ತಡೀತದ ನೋಡ್ರಿ ನಮ್ಮ ತಗಡು!"

ಯಾರೋ ಶಹಬ್ಬಾಸ್ ಅಂದರು. ಶರಣಪ್ಪ ಕೇಳಿದ: "ಅಕ್ಕೋರು ಎಲ್ಲಿ?"

"ಸಿಟ್ಟಿಲೆ ಬಸ್ಸಿಗಿ ಹೋದಳು. ಸಂತ್ಯಾಗ ಸಿಗ್ತಾಳ ಬಿಡ್ರಿ."

ಗಾಡಿ ಹೊರಟಿತು. ಉಚ್ಚೆಯ ನಾತಕ್ಕೆ ಕಣ್ಣು ಉರಿಯಿತು. ಮರಿ ನನ್ನ ಮಡಿಲಲ್ಲಿ ಬಾಯಿ ತೆರೆದು ಏದುತ್ತಿತ್ತು, ನಾನೂ ಹಾಗೇ. ಹುಮನಾಬಾದ್ ಮುಟ್ಟುವುದರೊಳಗೆ ಉಸಿರು ನಿಲ್ಲುತ್ತದೆ ಅನಿಸಿತು. ಹೆದರಿಕೆಗಿಂತ ಅವಮಾನ ಹೆಚ್ಚಾಯಿತು. ಅವನೊಂದಿಗೆ ಇಷ್ಟು ವರ್ಷ ಬಾಳಿದವಳ ಗುದ್ದು ಟಗರಿನ ಗುದ್ದಿನ ಹಾಗೆ ಕೇಳಿತಲ್ಲ!

ಮುಚ್ಚಳಕ್ಕೆ ಭುಜ ಕೊಟ್ಟು ನೂಕಿದೆ. ತಿರುಪು ತಿರುಗದೆ ಅದು ಮಿಸುಕುವುದಿಲ್ಲ. ಆಗ ಮೊಳೆಯ ನೆನಪಾಯಿತು; ಅದನ್ನು ಕಿತ್ತರೆ ತಿರುಪು ಮೋಟಾರಿನಿಂದ ಬಿಡಿಸಿಕೊಂಡು ಕೈಗೆ ತಿರುಗೀತು. ಕುರಿಗಳ ಮೇಲೆ ಹಾಯ್ದು ಮುಂದಕ್ಕೆ ತೆವಳಿ, ಜಾಕ್ ತಡಕಿದೆ. ಸೊಂಟದಲ್ಲಿದ್ದ ಮುಳ್ಳು ಕೀಳುವ ಚಿಮಟದಿಂದ ಮೊಳೆಯ ತುದಿ ಹಿಡಿದು ಹಿಂಡಿ ಹಿಂಡಿ ನೆಟ್ಟಗೆ ಮಾಡಿದೆ. ಎರಡು ಉಗುರು ಕಿತ್ತವು. ಮೊಳೆ ಬಿದ್ದಮೇಲೆ ತಿರುಪನ್ನು ಕೈಯಿಂದಲೇ ತಿರುಗಿಸಿದೆ. ಬೆರಳಗಲ ಬೆಳಕು ಬಂತು, ಆಮೇಲೆ ಗೇಣಗಲ. ತಗಡು ಗಾಳಿಗೆ ದಡಬಡ ಬಡಿದುಕೊಂಡಿತು, ಗಾಡಿ ನಿಂತಿತು.

ಮಡೆಪ್ಪ ಓಡಿ ಬಂದು, ಸಂದಿಯಲ್ಲಿ ನನ್ನ ಮುಖ ಕಂಡು ಹೌಹಾರಿದ. ನಾನು ತಿರುಪನ್ನು ಪೂರ್ತಿ ತಿರುಗಿಸಿದ ಮೇಲೆ ನನ್ನನ್ನು ಇಳಿಸಿದ, ನೀರು ಕುಡಿಸಿದ, ತನ್ನ ರುಮಾಲು ಹರಿದು ಬೆರಳಿಗೆ ಸುತ್ತಿದ. ಅಷ್ಟು ಮಾಡಿದ, ಅದನ್ನು ಮುಚ್ಚಿಡಬಾರದು. ಆದರೆ ನನ್ನ ಉಸಿರು ಹದಕ್ಕೆ ಬರುವಷ್ಟರಲ್ಲಿ ಅವನ ಕಣ್ಣು ಜಾಕಿನ ಕಡೆ ಹೋಗಿತ್ತು.

ಒಳಗೆ ಹತ್ತಿ, ಮೊಳೆ ಹುಡುಕಿ ತೂರಿಸಿ, ಅಲ್ಲಿಂದಲೇ ಕೂಗಿದ: "ನೋಡು, ನೀ ಹೋಗಿ ಬಟನ್ ಒತ್ತು. ಮುಚ್ತದೋ ಇಲ್ಲೋ ನೋಡೂಣು."

ಒತ್ತಿದೆ. ಮುಚ್ಚಳ ಅವನ ಮೇಲೆ ಇಳಿದು ಕೂತಿತು. ಗುಂಡಿಯಿಂದ ಕೈ ತೆಗೆದು ಡ್ರೈವರ್ ಸೀಟಿನಲ್ಲೇ ಕೂತೆ. ಬಡಿಯಲಿ, ಕೂಗಲಿ, ಒಂದಿಷ್ಟು ಗೊತ್ತಾಗಲಿ ಅಂತ ಹಟ ಹಿಡಿದೆ. ಲಾರಿಗಳು ಹಾದುಹೋದವು. ಒಳಗಿಂದ ಕುರಿಗಳ ದನಿ ಬಿಟ್ಟರೆ ಅವನದೊಂದು ಸದ್ದೂ ಇಲ್ಲ. ಕೊನೆಗೆ ನಾನೇ ಹೆದರಿ ಗುಂಡಿ ಒತ್ತಿದೆ.

ಮಡೆಪ್ಪ ಬೆವರು ಒರೆಸಿಕೊಳ್ಳುತ್ತ, ಮರಿಯನ್ನು ಎತ್ತಿಕೊಂಡು ಆರಾಮಾಗಿ ಇಳಿದ. "ಛಂದ ಮುಚ್ತದ," ಅಂದ.

"ನಿಮಗ ಹೆದರಿಕಿ ಆಗ್ಲಿಲ್ಲೇನ್ರಿ?"

ಅವನು ನನ್ನನ್ನು ಹುಚ್ಚಿಯನ್ನು ನೋಡುವ ಹಾಗೆ ನೋಡಿದ.

"ಯಾಕ ಆಗ್ಬೇಕು? ಹೊರಗ ನೀ ಇದ್ದಿ ಅಲ್ಲ."